ಸಂಡಾಸ ಇದೆ, ನಲ್ಲಿ ಇದೆ, ಆದರೂ ಮಗುವಿಗೆ ಭೇದಿ ನಿಲ್ಲುತ್ತಿಲ್ಲ. ಯಾಕೆ?

ನಾಲೆ ಪಕ್ಕದವ

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮಣ್ಣನ ಮಗಳಿಗೆ ಈಗ ಒಂದೂವರೆ ವರ್ಷ. ಅಂಬೆಗಾಲಿಡಲು ಶುರು ಮಾಡಿದಾಗಿನಿಂದ ಭೇದಿ ಬಿಟ್ಟೂ ಬಿಟ್ಟೂ ಬರುತ್ತಿದೆ. ಸ್ವಲ್ಪ ದಿನ ಚೆನ್ನಾಗಿರುತ್ತಾಳೆ, ಮತ್ತೆ ಶುರು. ಮೊನ್ನೆ ಅಂಗನವಾಡಿಯಲ್ಲಿ ತೂಕ ಹಾಕಿದಾಗ ತಾಯಿ ಕಾರ್ಡಿನ ಗೆರೆ ಹಸಿರಿನಿಂದ ಹಳದಿಗೆ ಇಳಿದಿದೆ, ಅಂದರೆ ವಯಸ್ಸಿಗೆ ತಕ್ಕ ತೂಕ ಇಲ್ಲ ಎಂದರು. ಅತ್ತಿಗೆ ಆವತ್ತಿನಿಂದ ಊಟ ಬಿಟ್ಟಿದ್ದಾರೆ.

ನಮ್ಮ ಮನೆಯಲ್ಲಿ ಸಂಡಾಸ ಇದೆ. ಸುಮ್ನೆ ಕಟ್ಟಿಸಿ ಕುಳ್ಳು ತುಂಬಿಟ್ಟವರಲ್ಲ, ಮನೆಮಂದಿಯೆಲ್ಲ ಬಳಸುತ್ತೇವೆ. ಮನೆ ಮುಂದೆ ನಲ್ಲಿಯೂ ಬಂದಿದೆ. ಅವ್ವ "ಹಲ್ಲು ಬರೋವಾಗ ಹಿಂಗೇ, ಸುಮ್ನಿರ್ರಿ" ಎನ್ನುತ್ತಾಳೆ. ಡಾಕ್ಟರು ಪ್ರತಿ ಸಲ ಬೇರೆ ಸಿರಪ್ ಬರೆಯುತ್ತಾರೆ. ಸಂಡಾಸ ಕಟ್ಟಿಸಿದರೆ ರೋಗ ದೂರ ಅಂತ ಶಾಲೆ ಗೋಡೆ, ಪಂಚಾಯ್ತಿ ಗೋಡೆ ಎಲ್ಲ ಕಡೆ ಬರೆದಿದ್ದಾರಲ್ಲ, ಮತ್ತೆ ನಮ್ಮಲ್ಲಿ ಯಾಕೆ ಹೀಗೆ?

ನಿವೃತ್ತ ನರ್ಸಕ್ಕ

ತಮ್ಮಾ, ಮೊದಲು ಮಗುವಿನ ವಿಷಯ, ಕಾರಣ ಆಮೇಲೆ ಹುಡುಕೋಣ. ಭೇದಿ ಶುರುವಾದ ಕೂಡಲೇ ಓಆರ್‌ಎಸ್ ಕೊಡಬೇಕು. ದೊಡ್ಡ ಪೊಟ್ಟಣ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಅರ್ಧ ಪೊಟ್ಟಣ ಅರ್ಧ ಲೀಟರಿಗೆ ಅಂತ ಅಂದಾಜಿನ ಮೇಲೆ ಹಾಕಬೇಡಿ, ಇಡೀ ಪೊಟ್ಟಣ ಕಲಸಿ, 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ. ಜೊತೆಗೆ ಜಿಂಕ್ ಮಾತ್ರೆ, 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಮೂರನೇ ದಿನಕ್ಕೆ ಮಗು ಆಡುತ್ತದೆ, ಮಾತ್ರೆ ಗೂಡಿನಲ್ಲೇ ಉಳಿಯುತ್ತದೆ. ಆಶಾ ಹತ್ತಿರ ಎರಡೂ ಪುಕ್ಕಟೆ ಸಿಗುತ್ತವೆ.

ಊಟ ನಿಲ್ಲಿಸಬೇಡಿ. ಎದೆಹಾಲು ನಿಲ್ಲಿಸಬೇಡಿ. "ಹೊಟ್ಟೆಗೆ ರೆಸ್ಟ್" ಅಂತ ಗಂಜಿ ತಿಳಿ ಮಾತ್ರ ಕೊಟ್ಟು ಮಲಗಿಸಿದ ಮಕ್ಕಳೇ ಬೇಗ ಇಳಿಯುವುದು. ಮಗುವಿನ ಕಣ್ಣು ಗುಳಿ ಬಿದ್ದರೆ, ಕುಡಿಯಲು ಒಪ್ಪದಿದ್ದರೆ, ಮಂಕಾದರೆ, ಕಕ್ಕದಲ್ಲಿ ರಕ್ತ ಕಂಡರೆ ಈ ವೇದಿಕೆ ಮುಚ್ಚಿ ನೇರ ಆಸ್ಪತ್ರೆಗೆ ಹೋಗಿ.

ಇನ್ನು ಹಲ್ಲು. ಹಲ್ಲು ಬರುವ ವಯಸ್ಸೂ ಅಂಬೆಗಾಲಿನ ವಯಸ್ಸೂ ಒಂದೇ. ನೆಲದಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ಕಾಲ ಅದು. ಬೈಸಿಕೊಳ್ಳುವುದು ಮಾತ್ರ ಪಾಪ ಹಲ್ಲು.

ಒಂದು ಪ್ರಶ್ನೆ. ದೊಡ್ಡವರು ಸಂಡಾಸಕ್ಕೆ ಹೋಗುತ್ತೀರಿ, ಸರಿ. ಮಗು ಎಲ್ಲಿ ಹೋಗುತ್ತದೆ? ಅದನ್ನು ಎಲ್ಲಿಗೆ ಹಾಕುತ್ತೀರಿ?

ನಾಲೆ ಪಕ್ಕದವ

ಅಕ್ಕಾ, ತುಂಬಾ ಥ್ಯಾಂಕ್ಸ್. ಜಿಂಕ್ ಐದು ದಿನ ಕೊಟ್ಟು ಬಿಟ್ಟಿದ್ದಾರಂತೆ, ಈಗ ಅತ್ತಿಗೆಯನ್ನು ಕೇಳಿದೆ. ಮಗು ಅಂಗಳದಲ್ಲೇ ಕೂರುತ್ತಾಳೆ. ಅವ್ವ ಮೇಲೆ ಬೂದಿ ಹಾಕಿ, ರಟ್ಟಿನಲ್ಲಿ ಬಳಿದು ತಿಪ್ಪೆಗೆ ಎಸೆಯುತ್ತಾಳೆ. ರಾತ್ರಿಯಾದರೆ ಗಟಾರಕ್ಕೆ. ಬಟ್ಟೆ ಬಚ್ಚಲಲ್ಲಿ ತೊಳೆಯುತ್ತಾರೆ. ಇಡೀ ಓಣಿಯಲ್ಲಿ ಹೀಗೇ ಅಲ್ವಾ?

ಗೌಡ್ರ ಮೊಮ್ಮಗ

ಹಾಲು ಕುಡಿಯೋ ಮಗುವಿನ ಕಕ್ಕದಿಂದ ಏನಾಗತ್ತೆ ಬಿಡಿ. ಅದೇನು ವಿಷನಾ.

ನಿವೃತ್ತ ನರ್ಸಕ್ಕ

ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಹೋಗಿದ್ದು. ಹಾಲು ಕುಡಿಯುವ ಮಗುವಿಗೆ ಭೇದಿ ಆಗುತ್ತಿದೆ ಅಂದರೆ ಬಹಳ ಸಲ ಕಕ್ಕದಲ್ಲಿ ರೋಗಾಣು ಇರುತ್ತದೆ. ಪುಟ್ಟ ಮಕ್ಕಳಿಗೆ ಬರುವ ಜೋರು ಭೇದಿಗೆ ದೊಡ್ಡ ಕಾರಣ ರೋಟಾ ವೈರಸ್. ಅದು ಮಗುವಿನಿಂದ ಮಗುವಿಗೆ ಹೋಗುವುದು ಇದೇ ದಾರಿಯಲ್ಲಿ. ವಾಸನೆ ಕಡಿಮೆ, ಅಸಹ್ಯ ಕಡಿಮೆ, ಅದಕ್ಕೇ ಜನರಿಗೆ ಹೆದರಿಕೆಯೂ ಕಡಿಮೆ.

ತಮ್ಮಾ, ರೋಟಾ ಹನಿ ಹಾಕಿಸಿದ್ದೀರಾ ನೋಡಿ. 6, 10, 14ನೇ ವಾರಕ್ಕೆ ಕೊಡುವುದು. ನಮ್ಮ ರಾಜ್ಯದಲ್ಲಿ 2019ರಿಂದ ಸರ್ಕಾರಿ ಲಸಿಕೆ ಪಟ್ಟಿಯಲ್ಲೇ ಇದೆ.

ಪೈಪು ಪರಮೇಶಿ

ನರ್ಸಕ್ಕ ಹೇಳಿದ್ದು ನಿಜ. ಆದರೆ ನೀರಿನ ಕಡೆಯಿಂದಲೂ ನೋಡಬೇಕು. ಗ್ರಾಮೀಣ ನೀರಿನ ಕೆಲಸಗಳಲ್ಲಿ ಬಹಳ ವರ್ಷ ಸೈಟ್ ನೋಡಿದವನು ನಾನು.

ಸಿಂಧನೂರು ಕಡೆ ಬಹಳ ಊರುಗಳಲ್ಲಿ ಬೋರ್‌ವೆಲ್ ನೀರು ಸವಳು. ತುಂಗಭದ್ರಾ ಎಡದಂಡೆ ನಾಲೆಯಿಂದ ಕೆರೆ ತುಂಬಿಸಿ, ಮರಳು ಫಿಲ್ಟರಿನಲ್ಲಿ ಸೋಸಿ, ಟ್ಯಾಂಕಿಗೆ ಏರಿಸುತ್ತಾರೆ. ಟ್ಯಾಂಕಿನವರೆಗೆ ನೀರು ಚೆನ್ನಾಗಿಯೇ ಇರಬಹುದು. ಟ್ಯಾಂಕಿನಿಂದ ನಿಮ್ಮ ನಲ್ಲಿಗೆ ಬರುವ ದಾರಿಯೇ ಸಮಸ್ಯೆ.

ನಿಮ್ಮ ಓಣಿಯ ಪೈಪು ಗಟಾರದ ಪಕ್ಕದಲ್ಲಿ, ಎಷ್ಟೋ ಕಡೆ ಗಟಾರದ ಒಳಗೇ ಹೋಗಿರುತ್ತದೆ. ನೀರು ಬಿಟ್ಟಾಗ ಒತ್ತಡ ಇರುತ್ತದೆ, ಒಡಕಿದ್ದರೆ ನೀರು ಹೊರಗೆ ಹೋಗುತ್ತದೆ. ನೀರು ನಿಲ್ಲಿಸಿದಾಗ ಪೈಪು ಖಾಲಿಯಾಗುತ್ತಾ ಹೊರಗಿನದನ್ನು ಒಳಗೆ ಎಳೆಯುತ್ತದೆ. ಮಾರನೇ ದಿನ ನೀರು ಬಿಟ್ಟಾಗ ಮೊದಲು ಬರುವುದು ಅದೇ.

ಇನ್ನೊಂದು ನಮ್ಮ ಕಡೆಯ ವಿಶೇಷ, ನಲ್ಲಿ ಗುಂಡಿ. ಒತ್ತಡ ಸಾಲದು ಅಂತ ಮನೆ ಮುಂದೆ ಮಂಡಿ ಆಳ ಗುಂಡಿ ತೋಡಿ, ಅದರೊಳಗೆ ಪೈಪು ಬಿಟ್ಟು ಕೊಡ ಇಳಿಸುತ್ತೀರಿ. ಆ ಗುಂಡಿಯಲ್ಲಿ ಪಾತ್ರೆ ತೊಳೆದ ನೀರು, ಮಳೆ ನೀರು, ಕೋಳಿ ಹಿಕ್ಕೆ ಎಲ್ಲ ನಿಂತಿರುತ್ತದೆ. ನೀರು ನಿಂತಾಗ ಅದೂ ಪೈಪಿನೊಳಕ್ಕೆ. ನಿಮ್ಮ ಒಬ್ಬರ ಮನೆ ಗುಂಡಿ ಸಾಕು, ಕೆಳಗಿನ ಮನೆಗಳಿಗೆಲ್ಲ ಹೋಗುತ್ತದೆ. ನಿಮ್ಮ ಮನೆಯಲ್ಲಿ ಗುಂಡಿ ಇದೆಯಾ?

ನಾಲೆ ಪಕ್ಕದವ

ಇದೆ ಸರ್. ಎಲ್ಲರ ಮನೆಯಲ್ಲೂ ಇದೆ.

ಪೈಪು ಪರಮೇಶಿ

ಗೊತ್ತಿತ್ತು. ಸಂಡಾಸದ ಪೈಪು ಎಲ್ಲಿಗೆ ಬಿಟ್ಟಿದ್ದೀರಿ? ಗುಂಡಿಗಾ, ಗಟಾರಕ್ಕಾ?

ನಾಲೆ ಪಕ್ಕದವ

ಗುಂಡಿಗೆ. ಆದರೆ ಮಳೆಗಾಲದಲ್ಲಿ ಉಕ್ಕುತ್ತಿತ್ತು, ಅದಕ್ಕೆ ಮೇಲಿನಿಂದ ಒಂದು ಪೈಪು ಹಾಕಿ ಗಟಾರಕ್ಕೆ ಬಿಟ್ಟಿದ್ದೇವೆ. ನಮ್ಮದು ಎರೆ ಭೂಮಿ, ಸುತ್ತಲೂ ಭತ್ತದ ಗದ್ದೆ. ನೀರು ಇಂಗುವುದೇ ಇಲ್ಲ.

ಪೈಪು ಪರಮೇಶಿ

ಇಲ್ಲಿದೆ ನೋಡಿ. ಮೊದಲು ಊರಾಚೆ ಬಯಲಲ್ಲಿ ಬೀಳುತ್ತಿದ್ದದ್ದು ಈಗ ಪೈಪಿನಲ್ಲಿ ಮನೆ ಮುಂದಿನ ಗಟಾರಕ್ಕೆ ಬರುತ್ತಿದೆ. ಗಟಾರದ ಪಕ್ಕ ನೀರಿನ ಪೈಪು. ಗಟಾರದ ದಡದಲ್ಲಿ ಮಗು ಆಡುತ್ತದೆ. ಲೆಕ್ಕದಲ್ಲಿ ನಿಮ್ಮ ಊರು ಬಯಲು ಶೌಚ ಮುಕ್ತ. ನಿಮ್ಮನ್ನು ಬೈಯುತ್ತಿಲ್ಲ. ಜಿಗುಟು ಮಣ್ಣಿಗೂ ಕೆಂಪು ಮಣ್ಣಿಗೂ ಒಂದೇ ನಕ್ಷೆ ಕೊಟ್ಟು, ಫೋಟೊ ತೆಗೆದು, ಬಿಲ್ ಮಾಡಿ ಹೋದವರನ್ನು ಬೈಯುತ್ತಿದ್ದೇನೆ.

ಸಂತೆಪೇಟೆ

ನಮ್ಮ ಪಂಚಾಯ್ತಿಯಲ್ಲಿ ಒಂದೇ ಸಂಡಾಸದ ಮುಂದೆ ನಾಲ್ಕು ಮನೆಯವರನ್ನು ನಿಲ್ಲಿಸಿ ಫೋಟೊ ಹೊಡೆದಿದ್ದರು 😂 ಬಾಗಿಲಿಗೆ ಮಾತ್ರ ಬೇರೆ ಬೇರೆ ಬಣ್ಣ.

ಲೆಕ್ಕ ಬರೆಯೋನು

ಯಾರಿಗೂ ಇಷ್ಟವಾಗದ ಒಂದು ಮಾತು ಹೇಳುತ್ತೇನೆ. ಸಂಡಾಸಕ್ಕೂ ಮಕ್ಕಳ ಬೆಳವಣಿಗೆಗೂ ನಾವು ಕಟ್ಟಿದ ಗಂಟು ಅಷ್ಟು ಗಟ್ಟಿ ಅಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ನಾಲ್ಕನೇ ಸಮೀಕ್ಷೆಯಲ್ಲಿ (2015-16) ಕರ್ನಾಟಕದಲ್ಲಿ ಸುಧಾರಿತ ಶೌಚ ವ್ಯವಸ್ಥೆಯ ಮನೆಗಳಲ್ಲಿ ಇದ್ದವರು ಶೇ. 57.8. ಐದನೇ ಸಮೀಕ್ಷೆಯಲ್ಲಿ (2019-21) ಶೇ. 74.8. ಎಷ್ಟು ದೊಡ್ಡ ಜಿಗಿತ! ಅದೇ ಹೊತ್ತಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲದ, 5 ವರ್ಷದೊಳಗಿನ ಮಕ್ಕಳು ಶೇ. 36.2 ಇದ್ದದ್ದು 35.4ಕ್ಕೆ ಬಂತು. ಒಂದು ಪರ್ಸೆಂಟೂ ಇಳಿಯಲಿಲ್ಲ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಒಡಿಶಾದ ಪುರಿ ಜಿಲ್ಲೆಯಲ್ಲಿ 100 ಹಳ್ಳಿ ತೆಗೆದುಕೊಂಡು, ಅರ್ಧದಲ್ಲಿ ಶೌಚಾಲಯ ಕಟ್ಟಿಸಿ, ಅರ್ಧ ಹಾಗೇ ಬಿಟ್ಟು ಹೋಲಿಸಿದರು. 2014ರಲ್ಲಿ ಫಲಿತಾಂಶ ಬಂತು. ಮಕ್ಕಳ ಭೇದಿಯಲ್ಲಿ, ಜಂತುಹುಳುವಿನಲ್ಲಿ, ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಧ್ಯಪ್ರದೇಶದ 80 ಹಳ್ಳಿಗಳಲ್ಲೂ ಅದೇ ವರ್ಷ ಅದೇ ಕಥೆ. ಆಮೇಲೆ ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆ ಮೂರೂ ಕಡೆ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಶೌಚಾಲಯ, ಕೈ ತೊಳೆಯುವುದು, ನೀರಿಗೆ ಕ್ಲೋರಿನ್ ಎಲ್ಲ ಸೇರಿಸಿದರೂ ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರ ಕೊಟ್ಟ ಮಕ್ಕಳು ಮಾತ್ರ ಒಂಚೂರು ಎತ್ತರ ಬಂದರು.

ಹಾಗಾಗಿ ದುಡ್ಡನ್ನು ಮೊಟ್ಟೆಗೆ ಹಾಕಿ, ಸಿಮೆಂಟಿಗೆ ಬೇಡ ಎನ್ನುವವನು ನಾನು.

ಗೌಡ್ರ ಮೊಮ್ಮಗ

ಇದನ್ನೇ ನಮ್ಮಜ್ಜ ಹೇಳೋದು. ಅವರ ಕಾಲದಲ್ಲಿ ಎಲ್ಲರೂ ತಂಬಿಗೆ ಹಿಡಿದು ಹೊಲಕ್ಕೇ ಹೋಗಿದ್ದು. ಗಟ್ಟಿಮುಟ್ಟಾಗಿ ತೊಂಬತ್ತು ದಾಟಿಲ್ವಾ?

ಕಾವೇರಿ ಕಣಿವೆ

ಅಜ್ಜನಿಗೆ ಅಣ್ಣತಮ್ಮಂದಿರು ಎಷ್ಟು ಜನ ಹುಟ್ಟಿದ್ದರು, ಎಷ್ಟು ಜನ ಉಳಿದರು ಕೇಳಿ. ಅಜ್ಜಿ ಇದ್ದರೆ ಅವರನ್ನೇ ಕೇಳಿ, ಅವರಿಗೆ ಲೆಕ್ಕ ಸರಿಯಾಗಿ ಗೊತ್ತಿರುತ್ತದೆ. ಉಳಿದವರು ಮಾತ್ರ ಜಗಲಿ ಮೇಲೆ ಕೂತು ಕಥೆ ಹೇಳುತ್ತಾರೆ.

ಗೌಡ್ರ ಮೊಮ್ಮಗ

ಕೇಳಿದೆ. ಹುಟ್ಟಿದ್ದು ಒಂಬತ್ತು, ಉಳಿದದ್ದು ನಾಲ್ಕಂತೆ. ನನಗೆ ಗೊತ್ತೇ ಇರಲಿಲ್ಲ.

ಪದವಿ ಕಾಲೇಜು ಮೇಡಂ

ಲೆಕ್ಕ ಬರೆಯೋನು ಅವರೇ, ನೀವು ಹೇಳಿದ ಪ್ರಯೋಗಗಳು ನಿಜ. ಅದರಿಂದ ನೀವು ಎಳೆದ ತೀರ್ಮಾನಕ್ಕೆ ನನ್ನ ತಕರಾರು ಇದೆ.

ಒಡಿಶಾದ ಆ ಹಳ್ಳಿಗಳಲ್ಲಿ ಶೌಚಾಲಯ ಇದ್ದ ಮನೆಗಳು ಶೇ. 9ರಿಂದ ಶೇ. 63ಕ್ಕೆ ಏರಿದವು, ಅಷ್ಟೇ. ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮನೆಗಳಲ್ಲಿ ಇರಲೇ ಇಲ್ಲ. ಇದ್ದವರಲ್ಲೂ ಎಲ್ಲರೂ ಬಳಸಲಿಲ್ಲ. ನೊಣಕ್ಕೆ ಸರ್ವೆ ನಂಬರ್ ಗೊತ್ತಾಗಲ್ಲ. ಪಕ್ಕದ ಮನೆಯವರು ಬಯಲಿಗೆ ಹೋದರೆ ನನ್ನ ಮನೆಯ ಸಂಡಾಸ ನನ್ನ ಮಗುವನ್ನು ಕಾಯುವುದಿಲ್ಲ. ಇಡೀ ಊರು ಬದಲಾಗದೆ ಒಂದು ಮನೆಗೆ ಲಾಭ ಸಿಗುವುದು ಕಷ್ಟ.

ಇನ್ನು ಬಾಂಗ್ಲಾದೇಶದ ಫಲಿತಾಂಶದಲ್ಲಿ ನೀವು ಅರ್ಧ ಮಾತ್ರ ಹೇಳಿದಿರಿ. ಎತ್ತರ ಹೆಚ್ಚಲಿಲ್ಲ, ಸರಿ. ಆದರೆ ಶೌಚಾಲಯ ಸುಧಾರಿಸಿದ ಮನೆಗಳಲ್ಲೂ ಕೈ ತೊಳೆಯುವುದನ್ನು ರೂಢಿಸಿದ ಮನೆಗಳಲ್ಲೂ ಭೇದಿ ಚೆನ್ನಾಗಿಯೇ ಇಳಿಯಿತು. ಅಲ್ಲಿ ಕೊಟ್ಟದ್ದರಲ್ಲಿ ಮಕ್ಕಳ ಪಾಟಿ (ಕಕ್ಕಕ್ಕೆ ಕೂರಿಸುವ ಡಬ್ಬಿ) ಮತ್ತು ಕಕ್ಕ ಎತ್ತುವ ಸಲಿಕೆಯೂ ಇತ್ತು, ಗಮನಿಸಿ. ಬರೀ ಗೋಡೆ ಕಟ್ಟಿ ಬಿಡಲಿಲ್ಲ. ಕೀನ್ಯಾ, ಜಿಂಬಾಬ್ವೆಯಲ್ಲಿ ಭೇದಿಯೂ ಇಳಿಯಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಹಿಡಿಯುತ್ತೀರಿ.

ಇಲ್ಲಿ ಪ್ರಶ್ನೆ ಕೇಳಿದವರದ್ದು ಎತ್ತರದ ಪ್ರಶ್ನೆ ಅಲ್ಲ, ಭೇದಿಯದು. ಎತ್ತರಕ್ಕೆ ತಾಯಿಯ ತೂಕ, ಹುಟ್ಟುವಾಗಿನ ತೂಕ, ರಕ್ತಹೀನತೆ ಎಲ್ಲ ಸೇರುತ್ತವೆ. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ.

ಲೆಕ್ಕ ಬರೆಯೋನು

ಮೇಡಂ, ಊರೆಲ್ಲ ಬದಲಾದರೆ ಮಾತ್ರ ಲಾಭ ಎಂದರೆ ಸೋತ ಪ್ರಯೋಗಕ್ಕೆಲ್ಲ "ಇನ್ನೂ ಸಾಲದು" ಅಂತ ಉತ್ತರ ಕೊಡಬಹುದು. ಯಾವ ಮಟ್ಟಕ್ಕೆ ಬಂದರೆ ಸಾಕು?

ಪದವಿ ಕಾಲೇಜು ಮೇಡಂ

ಒಂದು ಅಂಕಿ ಹೇಳಿ ಅಂದರೆ ಹೇಳಲಾರೆ. ಆದರೆ ಗಟಾರಕ್ಕೆ ಪೈಪು ಬಿಟ್ಟ ಸಂಡಾಸವನ್ನು "ಸುಧಾರಿತ" ಎಂದು ಎಣಿಸಿದರೆ ನಿಮ್ಮ 74.8 ಏನನ್ನು ಅಳೆಯುತ್ತಿದೆ? ಪರಮೇಶಿಯವರು ಬರೆದದ್ದು ಅದನ್ನೇ.

ಲೆಕ್ಕ ಬರೆಯೋನು

ಅದು ಸರಿಯಾದ ಪ್ರಶ್ನೆ. ಆದರೂ ಮೊಟ್ಟೆ ಬಿಡಲ್ಲ ನಾನು.

ಕುಂದಾಪುರದಾತ

ಮಾರಾಯ್ರೆ, ನಮ್ಮ ಕಡೆ ಕಥೆಯೇ ಬೇರೆ. ಇಲ್ಲಿ ಓಣಿ ಅಂತ ಇಲ್ಲ. ಒಂದೊಂದು ಮನೆ ಒಂದೊಂದು ತೋಟದಲ್ಲಿ, ಎಲ್ಲರಿಗೂ ಸ್ವಂತ ಬಾವಿ. ಗಟಾರ ನೋಡಬೇಕಾದರೆ ಪೇಟೆಗೆ ಹೋಗಬೇಕು. ಅದಕ್ಕೇ ಇರಬೇಕು, ಬಯಲಿಗೆ ಹೋಗುತ್ತಿದ್ದ ಕಾಲದಲ್ಲೂ ಅಷ್ಟು ತೊಂದರೆ ಕಾಣಲಿಲ್ಲ. ಈಗ ಹೊಸ ಸಮಸ್ಯೆ. ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಗುಂಡಿ ಮೂರೂ. ಮುರಕಲ್ಲಿನ (ತೂತು ತೂತಾದ ಕೆಂಪು ಕಲ್ಲಿನ) ನೆಲ, ಮಳೆಗಾಲದಲ್ಲಿ ಗುಂಡಿಯ ನೀರು ಬಾವಿಗೆ ಇಳಿಯಲು ಹೆಚ್ಚು ಹೊತ್ತು ಬೇಡ.

ಪದವಿ ಕಾಲೇಜು ಮೇಡಂ

ಹೌದು. ಒತ್ತೊತ್ತಾಗಿ ಮನೆಗಳಿರುವ ಕಡೆ ಬಯಲು ಶೌಚದ ಹಾನಿ ಜಾಸ್ತಿ. ಭಾರತದ ಮಕ್ಕಳ ಎತ್ತರವನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಡೀನ್ ಸ್ಪಿಯರ್ಸ್ ಅವರ ವಾದವೂ ಇದೇ. ರಾಯಚೂರಿನ ಓಣಿಗೂ ಕುಂದಾಪುರದ ತೋಟಕ್ಕೂ ಒಂದೇ ಸೂತ್ರ ಹಾಕಲಾಗದು.

ಪೈಪು ಪರಮೇಶಿ

ಕುಂದಾಪುರದವರೇ, ಗುಂಡಿಗೂ ಬಾವಿಗೂ ಕನಿಷ್ಠ 10 ಮೀಟರ್ ದೂರ ಅಂತ ಹೇಳುತ್ತಾರೆ. ಮುರಕಲ್ಲಿನಲ್ಲಿ ನಾನಾದರೆ ಅದಕ್ಕಿಂತ ಜಾಸ್ತಿ ಬಿಡುತ್ತೇನೆ. ಗುಂಡಿ ಬಾವಿಗಿಂತ ತಗ್ಗಿನಲ್ಲಿರಲಿ.

ದುಬೈ ಸಿದ್ದಾಪುರ

ಇಷ್ಟೆಲ್ಲ ಯಾಕೆ? ಮಗುವಿಗೆ ಡೈಪರ್ ಹಾಕಿ. ಮುಗೀತು.

ಸಂತೆಪೇಟೆ

ಬಿಚ್ಚಿದ ಡೈಪರ್ ಎಲ್ಲಿಗೆ ಅಣ್ಣಾ? ನಮ್ಮೂರಲ್ಲಿ ಕಸದ ಗಾಡಿ ವಾರಕ್ಕೊಮ್ಮೆ ಬಂದರೆ ಹಬ್ಬ. ಎಲ್ಲ ನಾಲೆಗೆ ಬೀಳುತ್ತದೆ. ಹೋದ ಸಲ ನಾಲೆ ನೀರು ನಿಲ್ಲಿಸಿದಾಗ ತೂಬಿನಲ್ಲಿ ಬರೀ ಅದೇ ಸಿಕ್ಕಿಕೊಂಡಿತ್ತು. ಆ ನಾಲೆಯಿಂದಲೇ ಕುಡಿಯುವ ನೀರಿನ ಕೆರೆ ತುಂಬುವುದು.

ದುಬೈ ಸಿದ್ದಾಪುರ

ಸರಿ ಬಿಡಿ, ಹಿಂದಕ್ಕೆ ತಗೊಂಡೆ 🙏

ಬಾಲವಾಡಿ ಟೀಚರ್

ನಾನು ಅಂಗನವಾಡಿ ಟೀಚರ್, ಯಾವ ಊರು ಅಂತ ಹೇಳಲ್ಲ. ನೀವೆಲ್ಲ ಮನೆ ಮಾತಾಡುತ್ತಿದ್ದೀರಿ, ನಮ್ಮ ಕೇಂದ್ರದ ಸ್ಥಿತಿ ಕೇಳಿ. ಶೌಚಾಲಯ ಇದೆ, ದೊಡ್ಡವರ ಬೇಸಿನ್ ಹಾಕಿದ್ದಾರೆ. ಮೂರು ವರ್ಷದ ಮಗು ಕಾಲು ಅಗಲಿಸಿ ಕೂರಲು ಹೋದರೆ ಒಳಗೆ ಬೀಳುತ್ತೇನೆ ಅಂತ ಕಿರುಚುತ್ತದೆ. ನೀರಿನ ಕನೆಕ್ಷನ್ ಇಲ್ಲ, ಸಹಾಯಕಿ ಎದುರು ಮನೆಯಿಂದ ಹೊತ್ತು ತರಬೇಕು. ಹೊತ್ತು ತಂದ ನೀರು ಅಡುಗೆಗೆ ಮೊದಲು, ಕೈ ತೊಳೆಯಲು ಉಳಿದರೆ ಉಂಟು. ಹೀಗಾದಾಗ ಮಕ್ಕಳು ಹೊರಗೆ ಗೋಡೆ ಪಕ್ಕ ಕೂರುತ್ತಾರೆ, ಬಂದು ಮೊಟ್ಟೆ ತಿನ್ನುತ್ತಾರೆ. ಲೆಕ್ಕ ಬರೆಯೋನು ಸರ್, ನಿಮ್ಮ ಮೊಟ್ಟೆ ಹೊಟ್ಟೆ ಸೇರುವ ದಾರಿ ಇದು.

ನಾನೇ ಮಾಡಿಕೊಂಡ ಉಪಾಯ ಒಂದಿದೆ. ಸೋಪು ಇಟ್ಟರೆ ಕಾಗೆ ಒಯ್ಯುತ್ತದೆ, ಇಲ್ಲಾ ಮಕ್ಕಳೇ ಮನೆಗೆ ಒಯ್ಯುತ್ತಾರೆ. ಹಳೆಯ ಕಾಲುಚೀಲದೊಳಗೆ ಸೋಪು ಹಾಕಿ ಬಾಗಿಲ ಹತ್ತಿರ ಕಟ್ಟಿದ್ದೇನೆ. ಬಾಟಲಿ ಮುಚ್ಚಳಕ್ಕೆ ತೂತು ಮಾಡಿ ತಲೆಕೆಳಗೆ ನೇತುಹಾಕಿದರೆ ಒಂದು ಬಾಟಲಿ ನೀರಿನಲ್ಲಿ ಎಲ್ಲರ ಕೈ ತೊಳೆಯಬಹುದು. ಮಕ್ಕಳಿಗೆ ಅದು ಆಟ, ಎರಡೆರಡು ಸಲ ಬರುತ್ತಾರೆ.

ಜಂತುಹುಳು ಮಾತ್ರೆ ದಿನ ಮಾತ್ರ ದೊಡ್ಡ ರಂಪ. ಫೆಬ್ರುವರಿ 10, ಆಗಸ್ಟ್ 10. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ ಪುಡಿ ಮಾಡಿ ನೀರಿನಲ್ಲಿ ಕೊಡುತ್ತೇವೆ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಒಂದು. ಯಾರಿಗಾದರೂ ಸ್ವಲ್ಪ ವಾಂತಿ ಆದರೆ ಇಡೀ ಓಣಿ ಬಾಗಿಲಿಗೆ ಬರುತ್ತದೆ. ಹುಳು ಜಾಸ್ತಿ ಇದ್ದರೆ ಹಾಗಾಗುವುದುಂಟು ಎಂದರೆ ಕೇಳುವವರಿಲ್ಲ.

ಕಾವೇರಿ ಕಣಿವೆ

ಟೀಚರ್ ಬಾಟಲಿ ಉಪಾಯ ಸೂಪರ್ 👏 ನಾಳೆಯೇ ನಮ್ಮ ಶಾಲೆಯಲ್ಲಿ ಕಟ್ಟಿಸುತ್ತೇನೆ. ಅಂದ ಹಾಗೆ ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾಗಿದ್ದು 1975ರಲ್ಲಿ. 50 ವರ್ಷದಲ್ಲಿ ಚಿಕ್ಕ ಬೇಸಿನ್ ಹಾಕಬೇಕು ಅಂತ ಹೊಳೆಯಲಿಲ್ಲವೇ?

ಬಾಲವಾಡಿ ಟೀಚರ್

ಹೊಸ ಕಟ್ಟಡಗಳಲ್ಲಿ ಹಾಕುತ್ತಿದ್ದಾರೆ ಸರ್. ನಮ್ಮದು ಹಳೆಯದು. ಇನ್ನು ಬಾಡಿಗೆ ಮನೆಯಲ್ಲಿ ನಡೆಯುವ ಕೇಂದ್ರಗಳ ವಿಷಯ ಕೇಳಲೇಬೇಡಿ.

ಗುಳೆ ಬದುಕು

ನಾವು ಯಾದಗಿರಿ ಕಡೆಯವರು. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬರುತ್ತೇವೆ. ಊರಲ್ಲಿ ಸಂಡಾಸ ಕಟ್ಟಿಸಿದ್ದೇವೆ, ಬೀಗ ಹಾಕಿ ಬಂದಿದ್ದೇವೆ. ಇಲ್ಲಿ ತಗಡಿನ ಶೆಡ್ಡು, ಐವತ್ತು ಅರವತ್ತು ಮಂದಿಗೆ ಎರಡು ಸಂಡಾಸ, ನೀರು ಟ್ಯಾಂಕರಿನದು. ಮಕ್ಕಳು ಮರಳು ರಾಶಿ ಮೇಲೆ ಕೂರುತ್ತಾರೆ. ಮಗುವಿನ ಲಸಿಕೆ ಊರಲ್ಲಿ ಅರ್ಧ, ಇಲ್ಲಿ ಅರ್ಧ, ಕಾರ್ಡ್ ಎಲ್ಲೋ ಕಳೆದಿದೆ. ಹತ್ತು ಹನ್ನೆರಡು ಮಹಡಿಗೆ ಟೈಲ್ಸ್ ಹಾಕಿದ ಬಾತ್‌ರೂಮ್ ಕಟ್ಟುವುದು ನಾವೇ. ಸಮೀಕ್ಷೆಯವರು ಬಂದರೆ ನಮ್ಮನ್ನು ಯಾವ ಊರಿನ ಲೆಕ್ಕಕ್ಕೆ ಹಾಕುತ್ತಾರೋ.

ನಿವೃತ್ತ ನರ್ಸಕ್ಕ

ತಮ್ಮಾ, ಕಾರ್ಡ್ ಕಳೆದರೂ ಲಸಿಕೆ ನಿಲ್ಲಿಸಬೇಡಿ. ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೆ ಹೋಗಿ ಹುಟ್ಟಿದ ದಿನ ಹೇಳಿ, ಹೊಸ ಕಾರ್ಡ್ ಮಾಡಿಸಿ. ಇಲ್ಲ ಎನ್ನುವ ಹಾಗಿಲ್ಲ ಅವರು. ಊರಿನ ಆಶಾಗೆ ಫೋನ್ ಮಾಡಿದರೆ ಹಳೆಯದರ ಫೋಟೊ ಕಳಿಸಬಹುದು, ಅವರ ರಿಜಿಸ್ಟರಿನಲ್ಲಿ ಇರುತ್ತದೆ.

ಸಂತೆಪೇಟೆ

ವಿಷಯ ಬಿಟ್ಟು ಕೇಳುತ್ತಿದ್ದೇನೆ. ನಮ್ಮ ಸಂಡಾಸದ ಗುಂಡಿ ತುಂಬುತ್ತಾ ಬಂದಿದೆ. ಖಾಲಿ ಮಾಡಿಸುವುದು ಹೇಗೆ? ಹೀರುವ ಗಾಡಿ ನಮ್ಮ ಓಣಿಗೆ ಬರಲ್ಲ. ಒಬ್ಬರನ್ನು ಕರೆಸೋಣ ಅಂತ ಅಪ್ಪ ಹೇಳುತ್ತಿದ್ದಾರೆ.

ಪೈಪು ಪರಮೇಶಿ

ಕರೆಸಬೇಡಿ! ಮನುಷ್ಯರನ್ನು ಗುಂಡಿಗೆ ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಅದಕ್ಕಿಂತ ಮೊದಲು ಅದು ಸಾವಿನ ಕೆಲಸ, ಒಳಗಿನ ಗಾಳಿಗೆ ಎರಡು ನಿಮಿಷ ಸಾಕು. ನಿಮ್ಮದು ಒಂದು ಗುಂಡಿಯಾ, ಎರಡಾ?

ಸಂತೆಪೇಟೆ

ಒಂದೇ. ಹದಿನೈದು ಸಿಮೆಂಟ್ ರಿಂಗ್ ಇಳಿಸಿದ್ದು. ಜೀವನಪೂರ್ತಿ ತುಂಬಬಾರದು ಅಂತ ಅಪ್ಪ ಆಳ ಮಾಡಿಸಿದ್ದು.

ಪೈಪು ಪರಮೇಶಿ

ಎಲ್ಲರೂ ಮಾಡುವುದು ಇದೇ. ಸ್ವಚ್ಛ ಭಾರತ ಯೋಜನೆಯ 12,000 ರೂಪಾಯಿ ಇದ್ದದ್ದು ಎರಡು ಚಿಕ್ಕ ಗುಂಡಿಗೆ, ಒಂದೊಂದು ಹೆಚ್ಚುಕಡಿಮೆ ನಾಲ್ಕಡಿ ಆಳ. ಜನ ಕೈಯಿಂದ ಇನ್ನೂ ಹಾಕಿ ಒಂದೇ ಪಾತಾಳ ತೋಡಿಸುತ್ತಾರೆ. ಆಳ ಹೋದಷ್ಟೂ ಅಂತರ್ಜಲಕ್ಕೆ ಹತ್ತಿರ.

ಎರಡು ಗುಂಡಿಯ ಲೆಕ್ಕ ಸರಳ. ಒಂದು ತುಂಬಿದಾಗ ಪೈಪನ್ನು ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಒಂದೂವರೆ ಎರಡು ವರ್ಷ ಮುಚ್ಚಿಡಿ. ಆಮೇಲೆ ತೆಗೆದರೆ ಕಾಫಿ ಪುಡಿ ಥರ ಒಣ ಗೊಬ್ಬರ, ವಾಸನೆ ಇಲ್ಲ, ಜಂತು ಮೊಟ್ಟೆಗಳೂ ಸತ್ತಿರುತ್ತವೆ. 2017ರ ಫೆಬ್ರುವರಿಯಲ್ಲಿ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಆಗಿನ ಕೇಂದ್ರದ ಕುಡಿಯುವ ನೀರು, ನೈರ್ಮಲ್ಯ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಅವರೇ ಗುಂಡಿಗೆ ಇಳಿದು ಗೊಬ್ಬರ ತೆಗೆದು ತೋರಿಸಿದರು. ನೀವು ಜಾಗ ಇದ್ದರೆ ಪಕ್ಕದಲ್ಲಿ ಒಂದು ಚಿಕ್ಕ ಗುಂಡಿ ತೋಡಿಸಿ, ಪೈಪು ಅದಕ್ಕೆ ತಿರುಗಿಸಿ. ಹಳೆಯದನ್ನು ಮುಟ್ಟಬೇಡಿ.

ಕಾವೇರಿ ಕಣಿವೆ

ಕಾರ್ಯದರ್ಶಿ ಇಳಿದರೆ ಪೇಪರಿನಲ್ಲಿ ಫೋಟೊ. ಊರಲ್ಲಿ ಇಳಿಯುವವರು ಯಾರ ಕೇರಿಯವರು ಎಂದು ಎಲ್ಲರಿಗೂ ಗೊತ್ತು. ಗೊಬ್ಬರ ಆಗಿದೆ ಎಂದರೂ "ನಾವು ಮುಟ್ಟಲ್ಲ" ಎನ್ನುತ್ತಾರಲ್ಲ, ಅದಕ್ಕೇ ಹದಿನೈದು ರಿಂಗ್. ಇದು ಇಂಜಿನಿಯರಿಂಗ್ ಸಮಸ್ಯೆ ಅಲ್ಲ ಸರ್, ಜಾತಿ ಸಮಸ್ಯೆ.

ಪೈಪು ಪರಮೇಶಿ

ಒಪ್ಪಿದೆ. ಅದಕ್ಕೆ ನನ್ನ ಹತ್ತಿರ ನಕ್ಷೆ ಇಲ್ಲ.

ನಾಲೆ ಪಕ್ಕದವ

ಎಲ್ಲರೂ ಇಷ್ಟು ಬರೆದಿದ್ದೀರಿ. ಈಗ ಮನೆಯ ಸುದ್ದಿ. ಮಗುವಿಗೆ ಜಿಂಕ್ ಮತ್ತೆ ಶುರು ಮಾಡಿದ್ದೇವೆ. ರೋಟಾ ಹನಿ ಮೂರೂ ಆಗಿದೆ. ಪಂಚಾಯ್ತಿಯಲ್ಲಿ ನೀರು ಪರೀಕ್ಷೆಯ ಬಾಟಲಿ ಇತ್ತು, ನೀರುಗಂಟಿಯಿಂದ ಮೂರು ಇಸಿದುಕೊಂಡೆ. ನೀರು ಬಿಟ್ಟ ತಕ್ಷಣ ಒಂದು, ಸ್ವಲ್ಪ ಹೊತ್ತು ಹರಿದ ಮೇಲೆ ಒಂದು, ಅಡುಗೆಮನೆ ಕೊಡದಿಂದ ಒಂದು. ಮೊದಲನೆಯದೂ ಕೊಡದ್ದೂ ಎರಡೂ ಮಾರನೇ ದಿನಕ್ಕೆ ಕಪ್ಪಾದವು. ನಡುವಿನದು ಹಾಗೇ ಇದೆ. ಅಂದರೆ ನಮ್ಮ ಕೊಡವೇ ಕೆಟ್ಟಿದೆಯಾ?

ಪೈಪು ಪರಮೇಶಿ

ಭಲೇ! ಕಪ್ಪಾದರೆ ಮಲದಿಂದ ಬರುವ ಥರದ ಬ್ಯಾಕ್ಟೀರಿಯ ಇದೆ ಎನ್ನುವ ಸೂಚನೆ. ಒಂದೇ ಸಲದ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ, ಇನ್ನೊಮ್ಮೆ ಮಾಡಿ. ಆದರೆ ದಾರಿ ಕಾಣುತ್ತಿದೆ. ಮೊದಲು ಬರುವ ನೀರು ಗಿಡಕ್ಕೆ, ಬಟ್ಟೆಗೆ ಹೋಗಲಿ, ಆಮೇಲಿನದು ಕುಡಿಯಲು. ನೀರುಗಂಟಿಯನ್ನು ಕ್ಲೋರಿನ್ ಎಷ್ಟು ಹಾಕುತ್ತಾರೆ ಕೇಳಿ. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಬ್ಲೀಚಿಂಗ್ ಪುಡಿ ಚೀಲ ಬಾಯಿ ತೆರೆದು ವರ್ಷವಾಗಿದ್ದರೆ ಅದರಲ್ಲಿ ಬರೀ ಸುಣ್ಣ.

ನಿವೃತ್ತ ನರ್ಸಕ್ಕ

ಕೊಡಕ್ಕೆ ಲೋಟ ಅದ್ದಿ ತೆಗೆಯುತ್ತೀರಲ್ಲ, ಬೆರಳೂ ಅದ್ದುತ್ತದೆ. ಕಕ್ಕ ಬಳಿದ ಕೈಗೆ ಬರೀ ನೀರು ಸೋಕಿಸಿ ಅದೇ ಕೈಯಲ್ಲಿ ಲೋಟ. ಉದ್ದ ಹಿಡಿಯ ಸೌಟು ಇಡಿ, ಇಲ್ಲವೇ ನಲ್ಲಿ ಇರುವ ಸ್ಟೀಲ್ ಪಾತ್ರೆ ತನ್ನಿ. ಮಗುವಿಗೆ ಕುದಿಸಿ ಆರಿಸಿದ್ದೇ ಕೊಡಿ.

ಓಆರ್‌ಎಸ್ ಅಂಗಡಿಯಲ್ಲಿ ಕೊಳ್ಳುವುದಾದರೆ ಬಣ್ಣದ ಡಬ್ಬಿಯ ಜ್ಯೂಸ್ ಬೇಡ. ಆ ಹೆಸರು ಹಾಕಿ ಸಕ್ಕರೆ ಪಾನಕ ಮಾರುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬೇಡಿ ಎಂದು ಆದೇಶ ಹೊರಡಿಸಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇರಬೇಕು. ದೊಡ್ಡವರ ಭೇದಿ ನಿಲ್ಲಿಸುವ ಮಾತ್ರೆಯನ್ನು ಮಗುವಿಗೆ ಅರ್ಧ ಮುರಿದು ಕೊಡುವವರೂ ಇದ್ದಾರೆ. ದಯವಿಟ್ಟು ಬೇಡ.

ಲೆಕ್ಕ ಬರೆಯೋನು

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅದಾದ ಮೇಲೆ ಒಂದೆರಡು ತಿಂಗಳು ಎಲ್ಲ ಕಡೆ ಟ್ಯಾಂಕ್ ತೊಳೆದರು. ಆಮೇಲೆ? ಸತ್ತರೆ ಸುದ್ದಿ. ಮಗು ಹಸಿರಿನಿಂದ ಹಳದಿಗೆ ಇಳಿದರೆ ಯಾವ ಪೇಪರಿಗೂ ಬೇಡ.

ನಾಲೆ ಪಕ್ಕದವ

ಪಾಟಿ ತಂದಿದ್ದೇನೆ, ಸಂತೆಯಲ್ಲಿ ಸಿಕ್ಕಿತು. ಅದರಿಂದ ನೇರ ಸಂಡಾಸಕ್ಕೆ ಸುರಿದು ನೀರು ಹಾಕುವುದು ಅಂತ ಅತ್ತಿಗೆ ಒಪ್ಪಿದ್ದಾರೆ. ಅವ್ವ ಒಪ್ಪಿಲ್ಲ. "ನಿಮ್ಮನ್ನೆಲ್ಲ ಬೆಳೆಸಿದ್ದು ಪಾಟಿನಾ?" ಎಂದಳು. ನಾಳೆಯಿಂದ ಮಗು ಅವ್ವನ ಹತ್ತಿರ ಇರುತ್ತದೆ, ಅತ್ತಿಗೆ ನಾಟಿ ಕೆಲಸಕ್ಕೆ ಹೋಗಬೇಕು.

ಬಾಲವಾಡಿ ಟೀಚರ್

ಅವ್ವನ ಜೊತೆ ವಾದ ಮಾಡಬೇಡಿ ಅಣ್ಣಾ. ಆ ಕಪ್ಪಾದ ಬಾಟಲಿಯನ್ನು ಅವರ ಕೈಗೆ ಕೊಟ್ಟು, ಇದು ನಮ್ಮ ಕೊಡದ ನೀರು ಎನ್ನಿ. ನಾನು ತಾಯಂದಿರ ಸಭೆಯಲ್ಲಿ ಹಾಗೇ ಮಾಡಿದ್ದು. ನನ್ನ ಭಾಷಣಕ್ಕೆ ಆಕಳಿಸುತ್ತಿದ್ದವರು ಬಾಟಲಿ ನೋಡಿ ಎದ್ದು ಕೂತರು.

ಗೌಡ್ರ ಮೊಮ್ಮಗ

ಈ ಬಾಟಲಿ ನಮ್ಮ ಪಂಚಾಯ್ತಿಯಲ್ಲೂ ಸಿಗತ್ತಾ? ದುಡ್ಡು ಎಷ್ಟು?

ಪೈಪು ಪರಮೇಶಿ

ದುಡ್ಡಿಲ್ಲ. ಮನೆ ಮನೆಗೆ ಗಂಗೆ ಯೋಜನೆಯಲ್ಲಿ ಊರಿನ ಹೆಂಗಸರಿಗೆ ಪರೀಕ್ಷೆ ಕಲಿಸಿ ಕಿಟ್ ಕೊಟ್ಟಿದ್ದಾರೆ. ಬಹಳ ಕಡೆ ಕಪಾಟಿನಲ್ಲಿ ಬೀಗ ಹಾಕಿರುತ್ತದೆ. ಕೇಳಿ. ಅವಧಿ ಮುಗಿದಿದೆಯಾ ನೋಡಿಕೊಂಡು ತಗೊಳ್ಳಿ.

ನಾಲೆ ಪಕ್ಕದವ

ಪರಮೇಶಿ ಸರ್, ನಲ್ಲಿ ಗುಂಡಿ ಮುಚ್ಚಿದರೆ ನಮಗೆ ನೀರೇ ಏರಲ್ಲ. ಅದಕ್ಕೆ ಏನು ಮಾಡಬೇಕು?

ಪೈಪು ಪರಮೇಶಿ

ನೀವೊಬ್ಬರೇ ಮುಚ್ಚಿದರೆ ನಿಮಗೆ ನೀರಿಲ್ಲ, ಕೆಳಗಿನವರಿಗೆ ಜಾಸ್ತಿ. ಮೊದಲು ಮೇಲಿನ ಮನೆಗಳಲ್ಲಿ ಯಾರಾದರೂ ಪೈಪಿಗೆ ನೇರ ಮೋಟಾರ್ ಹಾಕಿದ್ದಾರಾ ನೋಡಿ. ಹಾಕಿದ್ದರೆ ಒತ್ತಡ ಹೋಗುವುದು ಅಲ್ಲಿಯೇ. ಅದನ್ನು ಬಿಡಿಸಿ, ಓಣಿಗೊಂದು ವಾಲ್ವ್ ಹಾಕಿಸಿ ಸರದಿಯಲ್ಲಿ ನೀರು ಬಿಟ್ಟರೆ ನೆಲದ ಮೇಲಿನ ನಲ್ಲಿಗೂ ಏರಬಹುದು. ಅಲ್ಲಿಯವರೆಗೆ ಗುಂಡಿಯ ತಳಕ್ಕೆ ಸಿಮೆಂಟು ಹಾಕಿ, ದಿನಾ ಬಳಿದು ಒಣಗಿಸಿ, ನೀರು ನಿಂತ ಕೂಡಲೇ ಪೈಪಿನ ಬಾಯಿಗೆ ಮುಚ್ಚಳ ತಿರುಗಿಸಿ. ಹತ್ತಿಪ್ಪತ್ತು ರೂಪಾಯಿ ಮುಚ್ಚಳ.

ಸಂತೆಪೇಟೆ

ಮೋಟಾರ್ ಇರುವುದು ಮೆಂಬರ್ ಮನೆಯಲ್ಲೇ ಆದರೆ?

ಪೈಪು ಪರಮೇಶಿ

ಹಾಗಿದ್ದರೆ ಗ್ರಾಮಸಭೆ. ಒಬ್ಬರೇ ಹೋಗಬೇಡಿ, ಓಣಿಯ ಹೆಂಗಸರನ್ನು ಮುಂದೆ ಕೂರಿಸಿ, ಅರ್ಜಿ ಬರೆದುಕೊಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಎದ್ದು ಬನ್ನಿ.